ಹಾರುವ ತಟ್ಟೆಯ ಪ್ರಕರಣವನ್ನು ನೀವೇ ಪರಿಶೀಲಿಸುವುದು ಹೇಗೆ? ಸರ್ಕಾರಿ ವಿವರಣೆಯನ್ನು ಒರೆಗೆ ಹಚ್ಚುವ ಕ್ರಮ

‘ಅದು ಬರೀ ಬಲೂನು ಎಂದು ಸರ್ಕಾರ ಹೇಳುತ್ತದೆ. ನಂಬಬೇಕೇ?’ ಯುಎಫ್‌ಒಗಳ ಬಗ್ಗೆ ಬರೆದಾಗಲೆಲ್ಲ ಓದುಗರು ಸುತ್ತಿ ಬಳಸಿ ಕೇಳುವುದು ಈ ಪ್ರಶ್ನೆಯನ್ನೇ. ನಂಬಿ ಎಂದಾಗಲಿ ನಂಬಬೇಡಿ ಎಂದಾಗಲಿ ನಾನು ಹೇಳುವುದಿಲ್ಲ. ಪರಿಶೀಲಿಸಿ ಎನ್ನುತ್ತೇನೆ. ಅದಕ್ಕೆ ದಾರಿಯಿದೆ. ಯಾವ ಸರ್ಕಾರದ ಸಂಬಳವನ್ನೂ ಪಡೆಯದ ಸಂಶೋಧಕರು ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳಲ್ಲಿ ಏಳು ದಶಕಗಳಿಗೂ ಮೀರಿ ಆ ದಾರಿಯನ್ನು ಸವೆಸಿದ್ದಾರೆ. ಅವರಿಂದ ಕಲಿತ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಕೊಡುತ್ತಿದ್ದೇನೆ.

ಇಡೀ ಲೇಖನ ನಿಂತಿರುವುದು ಒಂದು ಮಾತಿನ ಮೇಲೆ. ಕಂಡವರು ಹೇಳಿದ್ದು ಒಂದು ಹೇಳಿಕೆಯಾದರೆ, ಅಧಿಕಾರಿ ಕೊಟ್ಟ ವಿವರಣೆಯೂ ಒಂದು ಹೇಳಿಕೆಯೇ. ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯಬೇಕು. ‘ಸರ್ಕಾರ ಸುಳ್ಳು ಹೇಳುತ್ತದೆ’ ಎಂದುಕೊಂಡೇ ಹೊರಡುವವರೂ ‘ಜನ ಏನನ್ನೋ ಕಂಡು ಬೆಚ್ಚುತ್ತಾರೆ’ ಎಂದುಕೊಂಡೇ ಹೊರಡುವವರೂ ತನಿಖೆಗೆ ಮೊದಲೇ ತೀರ್ಪು ಬರೆದಿಟ್ಟಿರುತ್ತಾರೆ.

ಯುಎಫ್‌ಒ ಎಂದರೆ ಗುರುತು ಸಿಗದ ಹಾರುವ ವಸ್ತು, ಅಷ್ಟೇ. ಅನ್ಯಗ್ರಹದ ನೌಕೆ ಎಂಬ ಅರ್ಥ ಅದರೊಳಗೆ ಇಲ್ಲ. ಈಚೆಗೆ ಅಮೆರಿಕದ ಕಚೇರಿಗಳು ಯುಎಪಿ, ಅಂದರೆ ಗುರುತು ಸಿಗದ ಅಸಹಜ ವಿದ್ಯಮಾನ ಎನ್ನುತ್ತವೆ, ವಿಷಯ ಅದೇ. ಅಮೆರಿಕದ ವಾಯುಪಡೆ 1952ರಿಂದ 1969ರವರೆಗೆ ನಡೆಸಿದ ‘ಬ್ಲೂ ಬುಕ್’ ಯೋಜನೆಯ ಲೆಕ್ಕದಲ್ಲಿ ಒಟ್ಟು 12,618 ವರದಿಗಳಿವೆ. ಇದರಲ್ಲಿ ಅದಕ್ಕೂ ಹಿಂದಿನ ಯೋಜನೆಗಳ ವರದಿಗಳೂ ಸೇರಿವೆ. ಆ ಪೈಕಿ 701ಕ್ಕೆ ವಿವರಣೆ ಸಿಗಲಿಲ್ಲ. ಒಂದು ಗುಂಪು 701ನ್ನು ಮಾತ್ರ ನೋಡುತ್ತದೆ, ಇನ್ನೊಂದು ಗುಂಪು ಉಳಿದದ್ದನ್ನು ಮಾತ್ರ ನೋಡುತ್ತದೆ. ‘ವಿವರಣೆ ಸಿಕ್ಕಿದೆ’ ಎಂದು ಬರೆದ ಕಡತಗಳಲ್ಲಿ ಆ ವಿವರಣೆ ಎಷ್ಟು ಗಟ್ಟಿ ಎಂಬುದನ್ನು ಕೇಳುವವರು ಕಡಿಮೆ. ನಮ್ಮ ಕೆಲಸವಿರುವುದು ಅಲ್ಲೇ.

ಏನೇನು ಬೇಕು

ದೊಡ್ಡ ಉಪಕರಣಗಳೇನೂ ಬೇಡ. ದಿನಾಂಕ ಹಾಕಿ ಬರೆಯುವ ಒಂದು ಪುಸ್ತಕ ಮತ್ತು ಸ್ಥಳದ ನಕ್ಷೆ ಇರಲಿ. ಸೈನ್, ಕೊಸೈನ್ ಲೆಕ್ಕ ಮಾಡುವ ಕ್ಯಾಲ್ಕುಲೇಟರ್ ಮೊಬೈಲಿನಲ್ಲೇ ಇರುತ್ತದೆ. ಯಾವುದೇ ಊರಿನ ಯಾವುದೇ ದಿನದ ಆಕಾಶವನ್ನು ತೋರಿಸುವ ‘ಸ್ಟೆಲೇರಿಯಂ’ ತಂತ್ರಾಂಶ ಉಚಿತ. ಉಪಗ್ರಹಗಳು ಹಾದುಹೋಗುವ ಸಮಯಕ್ಕೆ ‘ಹೆವೆನ್ಸ್ ಅಬೋವ್’, ವಿಮಾನಗಳ ಜಾಡಿಗೆ ‘ಫ್ಲೈಟ್‌ರೇಡಾರ್24’ ಅಥವಾ ‘ಎಡಿಎಸ್-ಬಿ ಎಕ್ಸ್‌ಚೇಂಜ್’ ನೋಡಿ. ಒಂದು ಎಚ್ಚರಿಕೆ: ಸೇನಾ ವಿಮಾನಗಳು ಈ ತಾಣಗಳಲ್ಲಿ ಕಾಣದೇ ಇರಬಹುದು. ಜಾಡು ಕಾಣಲಿಲ್ಲ ಎಂದ ಮಾತ್ರಕ್ಕೆ ವಿಮಾನ ಇರಲಿಲ್ಲ ಎಂದು ಬರೆಯಬೇಡಿ.

1. ಘಟನೆ ಒಂದೋ, ಎರಡೋ? ಮೊದಲು ಬಿಡಿಸಿ

ಒಂದೇ ರಾತ್ರಿಯ ಎಲ್ಲ ವರದಿಗಳನ್ನೂ ಒಂದೇ ಹೆಸರಿನಡಿ ಕಟ್ಟಿಹಾಕುವುದು ಅತಿ ಸಾಮಾನ್ಯವಾದ ತಪ್ಪು. 1997ರ ಮಾರ್ಚ್ 13ರ ‘ಫೀನಿಕ್ಸ್ ಬೆಳಕುಗಳು’ ಇದಕ್ಕೆ ಒಳ್ಳೆಯ ಪಾಠ. ಆ ರಾತ್ರಿ ಅರಿಜೋನಾದಲ್ಲಿ ಜನ ಕಂಡದ್ದು ಎರಡು ಬೇರೆ ಬೇರೆ ದೃಶ್ಯಗಳನ್ನು. ಸುಮಾರು ಎಂಟರಿಂದ ಎಂಟೂವರೆಯ ಹೊತ್ತಿಗೆ ‘ವಿ’ ಆಕಾರದ ದೀಪಗಳ ಸಾಲು ರಾಜ್ಯದ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಸಾಗಿತು. ಸುಮಾರು ಹತ್ತು ಗಂಟೆಗೆ ನಗರದ ನೈರುತ್ಯದಲ್ಲಿ ದೀಪಗಳ ಮಾಲೆ ತೂಗಿ, ಒಂದೊಂದಾಗಿ ಆರಿತು.

ಸೇನೆ ಕೊಟ್ಟ ವಿವರಣೆ ತರಬೇತಿ ವಿಮಾನಗಳು ಬೀಳಿಸಿದ ಬೆಳಕಿನ ಬಾಣಗಳದ್ದು, ಅಂದರೆ ಪ್ಯಾರಾಚೂಟಿಗೆ ಕಟ್ಟಿ ಉರಿಸುವ ಫ್ಲೇರ್‌ಗಳದ್ದು. ಅದು ಹತ್ತು ಗಂಟೆಯ ದೃಶ್ಯಕ್ಕೆ ಚೆನ್ನಾಗಿ ಹೊಂದುತ್ತದೆ. ದೀಪಗಳು ಎಸ್ಟ್ರೆಲ್ಲಾ ಬೆಟ್ಟಸಾಲಿನ ಹಿಂದೆ ಇಳಿದಾಗ ಆರಿದಂತೆ ಕಂಡವು ಎಂಬುದನ್ನು ವಿಡಿಯೊಗಳ ಮೇಲೆ ಬೆಟ್ಟದ ಅಂಚನ್ನು ಕೂರಿಸಿ ಸ್ವತಂತ್ರ ವಿಶ್ಲೇಷಕರೂ ತೋರಿಸಿದರು. ಎಂಟು ಗಂಟೆಯ ‘ವಿ’ಗೆ ಮಾತ್ರ ಫ್ಲೇರ್ ಉತ್ತರವಲ್ಲ. ಅದರ ಬಗ್ಗೆ ಬೇರೆಯೇ ಸಾಕ್ಷ್ಯವಿದೆ: ದೂರದರ್ಶಕದಲ್ಲಿ ನೋಡಿದ ಹವ್ಯಾಸಿ ವೀಕ್ಷಕನೊಬ್ಬನಿಗೆ ಆ ದೀಪಗಳು ಬಿಡಿ ಬಿಡಿ ವಿಮಾನಗಳಾಗಿ ಕಂಡವು. ‘ಸರ್ಕಾರದ ಫ್ಲೇರ್ ಕಥೆ ಸುಳ್ಳು, ನಾನು ಎಂಟು ಗಂಟೆಗೇ ಕಂಡೆ’ ಎನ್ನುವವರದ್ದೂ ‘ಎಲ್ಲವೂ ಫ್ಲೇರ್’ ಎನ್ನುವವರದ್ದೂ ಒಂದೇ ಎಡವಟ್ಟು.

ಆದ್ದರಿಂದ ಪ್ರತಿ ವರದಿಗೂ ಒಂದು ಸಾಲು ಬರೆಯಿರಿ: ಯಾರು, ಎಲ್ಲಿಂದ, ಎಷ್ಟು ಗಂಟೆಗೆ, ಯಾವ ದಿಕ್ಕಿಗೆ, ಎಷ್ಟು ಹೊತ್ತು. ಸಮಯ, ದಿಕ್ಕು ಕೂಡದ ಸಾಲುಗಳನ್ನು ಬೇರೆ ಪ್ರಕರಣವೆಂದೇ ಎಣಿಸಿ.

2. ಅತ್ಯಂತ ಹಳೆಯ ದಾಖಲೆಯನ್ನು ಹಿಡಿಯಿರಿ

ಘಟನೆಗೂ ದಾಖಲೆಗೂ ನಡುವಿನ ಅಂತರ ಹೆಚ್ಚಿದಷ್ಟು ಅದರ ತೂಕ ಕಡಿಮೆ. ಈ ನಿಯಮ ಸಾಕ್ಷಿಗೂ ಅನ್ವಯಿಸುತ್ತದೆ, ಸರ್ಕಾರಕ್ಕೂ ಅನ್ವಯಿಸುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ರಾಸ್‌ವೆಲ್ ಬಳಿ ಹಾರುವ ತಟ್ಟೆಯದ್ದೆಂದು ಸುದ್ದಿಯಾದ ಅವಶೇಷಗಳು ಸಿಕ್ಕಿದ್ದು 1947ರಲ್ಲಿ. ಅವುಗಳನ್ನು ಹೊತ್ತು ತಂದ ಅಧಿಕಾರಿ ಜೆಸ್ಸಿ ಮಾರ್ಸೆಲ್ ಸಂಶೋಧಕ ಸ್ಟಾಂಟನ್ ಫ್ರೀಡ್‌ಮನ್ ಜೊತೆ ಮಾತನಾಡಿದ್ದು 1978ರಲ್ಲಿ. ಮೂವತ್ತು ವರ್ಷಗಳ ನಂತರದ ನೆನಪು ಸುಳ್ಳೇ ಆಗಬೇಕಿಲ್ಲ. ಆದರೆ 1947ರ ಜುಲೈ ತಿಂಗಳ ಪತ್ರಿಕೆಗಳು, ಛಾಯಾಚಿತ್ರಗಳು ಮುಂದೆ ಇರುವಾಗ ಅವನ್ನು ಬಿಟ್ಟು ಇದರಿಂದ ಆರಂಭಿಸಬಾರದು.

ದಿನಾಂಕವನ್ನು ಎರಡು ಕಡೆಯಿಂದ ಖಚಿತಪಡಿಸಿಕೊಳ್ಳಿ. ಇಂಗ್ಲೆಂಡಿನ ರೆಂಡಲ್‌ಶಾಮ್ ಕಾಡಿನಲ್ಲಿ 1980ರ ಡಿಸೆಂಬರ್‌ನಲ್ಲಿ ಅಮೆರಿಕದ ವಾಯುನೆಲೆಯ ಸಿಬ್ಬಂದಿ ವಿಚಿತ್ರ ಬೆಳಕುಗಳನ್ನು ಕಂಡರು. ನೆಲೆಯ ಉಪ ಕಮಾಂಡರ್ ಚಾರ್ಲ್ಸ್ ಹಾಲ್ಟ್ 1981ರ ಜನವರಿ 13ರ ಜ್ಞಾಪನಪತ್ರದಲ್ಲಿ ಮೊದಲ ಘಟನೆಯನ್ನು ಡಿಸೆಂಬರ್ 27 ಎಂದು ಬರೆದರು. ಸ್ಥಳೀಯ ಪೊಲೀಸರ ದಿನಚರಿಯಲ್ಲಿ ಕರೆ ಬಂದದ್ದು 26ರ ನಸುಕಿನಲ್ಲಿ. ಒಂದು ದಿನದ ಈ ವ್ಯತ್ಯಾಸವನ್ನು ಹಿಡಿದವರು ಬ್ರಿಟನ್ನಿನ ಸ್ವತಂತ್ರ ಸಂಶೋಧಕರು. ಸರಿಯಾದ ದಿನ ಗೊತ್ತಾದ ಮೇಲೆ, ಅದೇ ನಸುಕಿನ ಮೂರು ಗಂಟೆಯ ಸುಮಾರಿಗೆ ದಕ್ಷಿಣ ಇಂಗ್ಲೆಂಡಿನ ಮೇಲೆ ಉಜ್ವಲವಾದ ಉಲ್ಕೆಯೊಂದು ಹಾದುಹೋದದ್ದೂ ಲೆಕ್ಕಕ್ಕೆ ಸೇರಿತು. ತಪ್ಪು ದಿನಾಂಕದಲ್ಲಿ ಹುಡುಕಿದ್ದರೆ ಅದು ಯಾರಿಗೂ ಸಿಗುತ್ತಿರಲಿಲ್ಲ.

ಇನ್ನೊಂದು ಗುಂಡಿ ನಕಲಿ ದಾಖಲೆ. 1984ರಲ್ಲಿ ಒಬ್ಬ ಚಿತ್ರ ನಿರ್ಮಾಪಕನ ಮನೆಗೆ ಅಂಚೆಯಲ್ಲಿ ಬಂದ ಫಿಲ್ಮ್ ಸುರುಳಿಯಲ್ಲಿ ‘ಎಂಜೆ-12’ ಎಂಬ ರಹಸ್ಯ ಸಮಿತಿಯ ಕಾಗದಗಳಿದ್ದವು. ಕಳುಹಿಸಿದವರು ಯಾರೋ ತಿಳಿಯದು, ಮೂಲ ಪ್ರತಿಯೂ ಇಲ್ಲ. ಅದರಲ್ಲಿದ್ದ ಅಧ್ಯಕ್ಷ ಟ್ರೂಮನ್ ಸಹಿ 1947ರ ಅಕ್ಟೋಬರ್ 1ರ ಅಸಲಿ ಪತ್ರವೊಂದರ ಸಹಿಯ ಪಡಿಯಚ್ಚು ಎಂದು ಯುಎಫ್‌ಒ ಕಥೆಗಳ ವಿಮರ್ಶಕ ಫಿಲಿಪ್ ಕ್ಲಾಸ್ ತೋರಿಸಿದರು. ಕಾಗದ ಎಲ್ಲಿಂದ ಬಂತು, ಯಾವ ಕಚೇರಿಯ ಯಾವ ಕಡತದಲ್ಲಿತ್ತು ಎಂಬುದಕ್ಕೆ ಉತ್ತರವಿಲ್ಲದಿದ್ದರೆ ಒಳಗೆ ಏನು ಬರೆದಿದೆ ಎಂಬುದಕ್ಕೆ ಬೆಲೆ ಕೊಡಬೇಡಿ.

3. ಕಂಡವರನ್ನು ಮಾತನಾಡಿಸುವ ಬಗೆ

ಮೊದಲು ಅವರು ಪೂರ್ತಿ ಹೇಳಲಿ. ನಡುವೆ ಬಾಯಿ ಹಾಕಬೇಡಿ. ‘ತಟ್ಟೆಯಂತೆ ಇತ್ತೇ?’ ಎಂದು ಕೇಳಿದರೆ ತಟ್ಟೆಯೇ ಬರುತ್ತದೆ. ಒಬ್ಬರಿಗಿಂತ ಹೆಚ್ಚು ಜನ ಕಂಡಿದ್ದರೆ ಬೇರೆ ಬೇರೆಯಾಗಿ ಕೂರಿಸಿ, ಒಬ್ಬರ ಚಿತ್ರವನ್ನು ಇನ್ನೊಬ್ಬರು ನೋಡುವ ಮೊದಲೇ ಬರೆಸಿಕೊಳ್ಳಿ. ಸಾಧ್ಯವಾದರೆ ಅವರು ನಿಂತಿದ್ದ ಜಾಗಕ್ಕೇ ಹೋಗಿ.

ಗಾತ್ರ ಮತ್ತು ದೂರವನ್ನು ಕೇಳಲೇಬೇಡಿ. ರಾತ್ರಿಯ ಆಕಾಶದಲ್ಲಿ ಒಂಟಿ ಬೆಳಕಿನ ದೂರವನ್ನು ಕಣ್ಣಿನಿಂದ ಅಂದಾಜಿಸಲು ಯಾರಿಗೂ ಆಗುವುದಿಲ್ಲ, ಪೈಲಟ್‌ಗಳಿಗೂ ಆಗುವುದಿಲ್ಲ. ಕೋನವನ್ನು ಕೇಳಿ. ಚಾಚಿದ ಕೈಯ ಮುಷ್ಟಿ ಸುಮಾರು ಹತ್ತು ಡಿಗ್ರಿ, ಕಿರುಬೆರಳು ಸುಮಾರು ಒಂದು ಡಿಗ್ರಿ, ಹುಣ್ಣಿಮೆಯ ಚಂದ್ರ ಅರ್ಧ ಡಿಗ್ರಿ. ‘ದಿಗಂತದಿಂದ ಎರಡು ಮುಷ್ಟಿ ಮೇಲೆ, ಆ ತೆಂಗಿನ ಮರದ ಎಡಕ್ಕೆ’ ಎಂಬ ಮಾತು ‘ಎರಡು ಸಾವಿರ ಅಡಿ ಎತ್ತರದಲ್ಲಿ’ ಎಂಬುದಕ್ಕಿಂತ ನೂರು ಪಾಲು ಉಪಯುಕ್ತ. ಕತ್ತಲಲ್ಲಿ ನಿಶ್ಚಲ ನಕ್ಷತ್ರವನ್ನೇ ದಿಟ್ಟಿಸಿದರೆ ಅದು ಅತ್ತಿತ್ತ ಓಲಾಡಿದಂತೆ ಕಾಣುವುದು ಕಣ್ಣಿನ ಸಹಜ ಗುಣ, ಅದನ್ನೂ ಗಮನದಲ್ಲಿಡಿ.

ವಿಡಿಯೊ ಇದ್ದರೆ ಮೂಲ ಕಡತವನ್ನೇ ಪಡೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಎಂದೇ ಕಳುಹಿಸಿದರೆ ಗುಣಮಟ್ಟ ಕುಗ್ಗುತ್ತದೆ, ಜೊತೆಗಿದ್ದ ಸಮಯ ಮತ್ತು ಸ್ಥಳದ ಮಾಹಿತಿ ಅಳಿಯುತ್ತದೆ. ಕಂಡವರ ಹೆಸರು, ಊರು ನಿಮ್ಮ ಪುಸ್ತಕದಲ್ಲಷ್ಟೇ ಇರಲಿ. ಹೆಸರು ಹೊರಬಂದದ್ದರಿಂದ ಕೆಲಸದಲ್ಲೂ ಊರಿನಲ್ಲೂ ಮೂದಲಿಕೆ ತಿಂದವರು ಈ ಕ್ಷೇತ್ರದ ಇತಿಹಾಸದಲ್ಲಿ ಬಹಳಷ್ಟು ಮಂದಿ ಇದ್ದಾರೆ.

4. ಆ ಹೊತ್ತಿನ ಆಕಾಶವನ್ನು ಮರಳಿ ಕಟ್ಟಿ

ಮೊದಲು ಗಂಟೆಯನ್ನು ಸರಿಪಡಿಸಿಕೊಳ್ಳಿ. ಸೇನಾ ಮತ್ತು ವೈಮಾನಿಕ ದಾಖಲೆಗಳು ಬಹುಮಟ್ಟಿಗೆ ಜಾಗತಿಕ ಸಮಯದಲ್ಲಿ ಇರುತ್ತವೆ. ಇದನ್ನೇ ‘ಜುಲು’ ಎನ್ನುತ್ತಾರೆ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದು. ರಾತ್ರಿ ಒಂದು ಗಂಟೆಗೆ ಇಲ್ಲಿ ಕಂಡದ್ದು ಆ ದಾಖಲೆಯಲ್ಲಿ ಹಿಂದಿನ ದಿನಾಂಕದಡಿ ಇರುತ್ತದೆ.

ಬಳಿಕ ಗ್ರಹಗಳು. ಶುಕ್ರ ಎಂದೂ ಸೂರ್ಯನಿಂದ ಸುಮಾರು 47 ಡಿಗ್ರಿಗಿಂತ ದೂರ ಹೋಗುವುದಿಲ್ಲ. ಹಾಗಾಗಿ ನಮ್ಮ ಊರುಗಳಲ್ಲಿ ನಡುರಾತ್ರಿ ಕಂಡದ್ದಕ್ಕೆ ಯಾರಾದರೂ ‘ಶುಕ್ರಗ್ರಹ’ ಎಂದು ವಿವರಣೆ ಕೊಟ್ಟರೆ ಅಲ್ಲೇ ತಿರಸ್ಕರಿಸಬಹುದು. ದಿಗಂತಕ್ಕೆ ಹತ್ತಿರವಿರುವ ಲುಬ್ಧಕ, ಅಗಸ್ತ್ಯ ನಕ್ಷತ್ರಗಳು ಕೆಂಪು, ಹಸಿರು, ನೀಲಿಯಾಗಿ ಮಿನುಗುತ್ತವೆ.

ಗ್ರಹಗಳು ಸೈನ್ಯವನ್ನೇ ತಬ್ಬಿಬ್ಬುಗೊಳಿಸಿದ್ದುಂಟು. ಲಡಾಖ್ ಗಡಿಯಲ್ಲಿ 2012ರ ಆಗಸ್ಟ್‌ನಿಂದ 2013ರ ಫೆಬ್ರುವರಿವರೆಗೆ ಭಾರತೀಯ ಸೇನೆ ಆಕಾಶದಲ್ಲಿ ಕಂಡ ಬೆಳಕುಗಳನ್ನು 329 ಬಾರಿ ದಾಖಲಿಸಿತು. ಚೀನಾದ ಡ್ರೋನ್‌ಗಳು ಎಂಬ ಗುಮಾನಿ ಇತ್ತು. ಪರಿಶೀಲನೆಗೆ ಕರೆಸಿಕೊಂಡದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರನ್ನು. ಹಾನ್ಲೆಯಲ್ಲಿರುವ ದೂರದರ್ಶಕವನ್ನು ಹೊಸಕೋಟೆಯಿಂದ ನಡೆಸುವ ಸಂಸ್ಥೆಯೇ ಅದು. ಕಂಡವು ಗುರು ಮತ್ತು ಶುಕ್ರ ಎಂದು ಅವರು ಗುರುತಿಸಿದರು. ತರಬೇತಿ ಪಡೆದ ಕಣ್ಣು, ಅಧಿಕೃತ ದಾಖಲೆ, ನೂರಾರು ವರದಿ, ಎಲ್ಲ ಇದ್ದರೂ ಆಕಾಶದ ನಕ್ಷೆಯೊಂದು ಇರಲಿಲ್ಲ.

ಉಪಗ್ರಹ, ರಾಕೆಟ್, ಕ್ಷಿಪಣಿಗಳನ್ನೂ ನೋಡಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಮಿಟುಕದೆ ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಹೊಸದಾಗಿ ಹಾರಿಸಿದ ಸ್ಟಾರ್‌ಲಿಂಕ್ ಉಪಗ್ರಹಗಳು ಸರಮಾಲೆಯಂತೆ ಸಾಗುತ್ತವೆ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರ, ಮಧ್ಯಪ್ರದೇಶಗಳ ಮೇಲೆ ಉರಿಯುತ್ತ ಹಾದುಹೋಗಿ ಚಂದ್ರಪುರ ಜಿಲ್ಲೆಯಲ್ಲಿ ತುಂಡು ಬೀಳಿಸಿದ್ದು ಚೀನಾ ರಾಕೆಟ್ಟಿನ ಅವಶೇಷ. ಅದೇ ವರ್ಷ ಡಿಸೆಂಬರ್ 15ರಂದು ಈಶಾನ್ಯ ರಾಜ್ಯಗಳ ಜನರನ್ನು ಬೆರಗುಗೊಳಿಸಿದ ಬೆಳಕು ಅಗ್ನಿ-5 ಕ್ಷಿಪಣಿಯದ್ದು. ಇಂಥ ಪರೀಕ್ಷೆಗಳಿಗೆ ಮುನ್ನ ‘ನೋಟಾಮ್’, ಅಂದರೆ ಪೈಲಟ್‌ಗಳಿಗೆ ವಾಯುಪ್ರದೇಶದ ನಿರ್ಬಂಧವನ್ನು ತಿಳಿಸುವ ಸೂಚನೆ, ಹೊರಡುತ್ತದೆ. ಅದು ಸಾರ್ವಜನಿಕ.

ಉತ್ತರ ಕರ್ನಾಟಕದ ಓದುಗರು ಬಲೂನುಗಳನ್ನು ಮರೆಯಬಾರದು. ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರದಿಂದ ವೈಜ್ಞಾನಿಕ ಉಪಕರಣ ಹೊತ್ತ ದೈತ್ಯ ಬಲೂನುಗಳು ಏರುತ್ತವೆ. 2025ರ ಜನವರಿಯಲ್ಲಿ ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಮನೆಯೊಂದರ ಮೇಲೆ ಇಳಿದು ಗ್ರಾಮಸ್ಥರನ್ನು ಗಾಬರಿಗೊಳಿಸಿದ್ದು ಅಂಥದೇ ಒಂದು. ನೆಲಕ್ಕೆ ಬಿದ್ದ ಉಪಕರಣವನ್ನು ಮುಟ್ಟಬೇಡಿ. ಫೋಟೊ ತೆಗೆದು ಪೊಲೀಸರಿಗೆ ತಿಳಿಸಿ.

5. ಪರದೆಯ ಮೇಲಿನ ಅಂಕಿಗಳಿಂದ ಲೆಕ್ಕ ಮಾಡಿ

ಅಮೆರಿಕದ ರಕ್ಷಣಾ ಇಲಾಖೆ 2020ರ ಏಪ್ರಿಲ್‌ನಲ್ಲಿ ಅಧಿಕೃತವಾಗಿ ಬಿಡುಗಡೆ ಮಾಡಿದ ಮೂರು ವಿಡಿಯೊಗಳಲ್ಲಿ ‘ಗೋಫಾಸ್ಟ್’ ಒಂದು. 2015ರಲ್ಲಿ ನೌಕಾಪಡೆಯ ಯುದ್ಧವಿಮಾನ ತೆಗೆದದ್ದು. ಸಮುದ್ರದ ಅಲೆಗಳನ್ನು ಸವರಿಕೊಂಡು ಭಾರೀ ವೇಗದಲ್ಲಿ ಹಾರುವಂತೆ ವಸ್ತು ಕಾಣುತ್ತದೆ. ಆದರೆ ಪರದೆಯ ಮೇಲೆಯೇ ಅಂಕಿಗಳಿವೆ: ವಿಮಾನದ ಎತ್ತರ ಸುಮಾರು 25,000 ಅಡಿ, ವಸ್ತುವಿಗೆ ದೂರ 4.4 ನಾಟಿಕಲ್ ಮೈಲಿ, ಕ್ಯಾಮೆರಾ ಕೆಳಕ್ಕೆ ಬಾಗಿದ ಕೋನ 26 ಡಿಗ್ರಿ.

ಒಂದು ನಾಟಿಕಲ್ ಮೈಲಿಗೆ 6,076 ಅಡಿ. 4.4ರಿಂದ ಗುಣಿಸಿದರೆ ಸುಮಾರು 26,700 ಅಡಿ. 26 ಡಿಗ್ರಿಯ ಸೈನ್ 0.438. ಎರಡನ್ನೂ ಗುಣಿಸಿದರೆ ಸುಮಾರು 11,700. ವಸ್ತು ವಿಮಾನಕ್ಕಿಂತ ಅಷ್ಟು ಅಡಿ ಕೆಳಗಿದೆ, ಅಂದರೆ ಸಮುದ್ರದಿಂದ ಸುಮಾರು 13,000 ಅಡಿ ಮೇಲಿದೆ. ಅಲೆಗಳ ಸಮೀಪವಲ್ಲ. ಹಿನ್ನೆಲೆ ಓಡಿದಂತೆ ಕಂಡದ್ದು ಬಹುಪಾಲು ವಿಮಾನದ ಓಟದಿಂದ. ಸ್ವತಂತ್ರ ವಿಶ್ಲೇಷಕರು ಈ ಲೆಕ್ಕವನ್ನು ಮೊದಲೇ ಪ್ರಕಟಿಸಿದ್ದರು. ನಾಸಾ ನೇಮಿಸಿದ ಅಧ್ಯಯನ ತಂಡ 2023ರ ಸೆಪ್ಟೆಂಬರ್ ವರದಿಯಲ್ಲಿ ಅದೇ ಎತ್ತರವನ್ನು ಕಂಡುಕೊಂಡು, ಸರಾಸರಿ ವೇಗ ಗಂಟೆಗೆ ಸುಮಾರು 40 ಮೈಲಿ ಎಂದಿತು.

ಇಲ್ಲಿ ನಿಲ್ಲುವುದನ್ನೂ ಕಲಿಯಿರಿ. ಈ ಲೆಕ್ಕದಿಂದ ಅತಿವೇಗ ಎಂಬ ಮಾತು ಬಿದ್ದುಹೋಯಿತು. ವಸ್ತು ಯಾವುದೆಂದು ತಿಳಿಯಲಿಲ್ಲ. ‘ಬಲೂನೆಂದು ಸಾಬೀತಾಯಿತು’ ಎಂದು ಬರೆಯುವವರು ಲೆಕ್ಕ ಕೊಟ್ಟದ್ದಕ್ಕಿಂತ ಹೆಚ್ಚನ್ನು ತೆಗೆದುಕೊಳ್ಳುತ್ತಿದ್ದಾರೆ.

6. ಈಗ ಸರ್ಕಾರಿ ವಿವರಣೆಯನ್ನು ಕಟಕಟೆಗೆ ತನ್ನಿ

ಅಧಿಕೃತ ವಿವರಣೆ ಸಿಕ್ಕೊಡನೆ ಮೊದಲು ನೋಡಬೇಕಾದದ್ದು ಕಾಲ. ರಾಸ್‌ವೆಲ್ ಕುರಿತು ವಾಯುಪಡೆ 1997ರಲ್ಲಿ ಎರಡನೇ ವರದಿ ತಂದಿತು. ಜನ ಕಂಡೆವೆನ್ನುವ ಅನ್ಯಗ್ರಹದವರ ಶವಗಳು ಎತ್ತರದಿಂದ ಬೀಳಿಸಿದ ಪರೀಕ್ಷಾ ಗೊಂಬೆಗಳ ನೆನಪಿರಬಹುದು ಎಂದಿತು. ಆ ಗೊಂಬೆಗಳ ಪ್ರಯೋಗ ನಡೆದದ್ದು 1950ರ ದಶಕದಲ್ಲಿ. ಘಟನೆ 1947ರದ್ದು. ಕಾಲಕ್ರಮೇಣ ನೆನಪುಗಳು ಬೆರೆತಿವೆ ಎಂಬುದು ವಾಯುಪಡೆಯ ವಾದ. ಅದು ಅಸಾಧ್ಯವೇನಲ್ಲ, ಆದರೆ ಯಾವ ಸಾಕ್ಷಿ ಯಾವ ಪ್ರಯೋಗವನ್ನು ಕಂಡಿದ್ದ ಎಂಬುದನ್ನು ಕಟ್ಟಿ ತೋರಿಸದೆ ಹಾಗೆ ಹೇಳಿದರೆ ಅದು ಊಹೆಯೇ. ವಿಮರ್ಶಕರು ಇದನ್ನು ಬಿಡದೆ ಹಿಡಿದದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಅದೇ ರಾಸ್‌ವೆಲ್‌ನಲ್ಲಿ ಇನ್ನೊಂದು ಪಾಠವಿದೆ. 1947ರ ಜುಲೈ 8ರಂದು ಅಲ್ಲಿನ ಸೇನಾ ವಾಯುನೆಲೆಯ ಪತ್ರಿಕಾ ಹೇಳಿಕೆ ಹಾರುವ ತಟ್ಟೆ ಸಿಕ್ಕಿದೆ ಎಂದಿತು. ಕೆಲವೇ ಗಂಟೆಗಳಲ್ಲಿ ಜನರಲ್ ರೇಮಿ ಅದು ಹವಾಮಾನ ಬಲೂನು ಎಂದರು. 1994ರಲ್ಲಿ ವಾಯುಪಡೆ ಮೂರನೆಯ ಉತ್ತರ ಕೊಟ್ಟಿತು: ಸೋವಿಯತ್ ಅಣುಸ್ಫೋಟಗಳ ಸದ್ದನ್ನು ಮೇಲಿನ ವಾತಾವರಣದಲ್ಲಿ ಆಲಿಸಲು ಹಾರಿಸುತ್ತಿದ್ದ ರಹಸ್ಯ ‘ಮೊಗಲ್’ ಯೋಜನೆಯ ಬಲೂನು ಸರಣಿ. ಈ ಉತ್ತರಕ್ಕೆ ವಾಯುಪಡೆಗಿಂತ ಮೊದಲು ತಲುಪಿದವರು ರಾಬರ್ಟ್ ಟಾಡ್, ಕಾರ್ಲ್ ಫ್ಲಾಕ್ ಎಂಬ ಸ್ವತಂತ್ರ ಸಂಶೋಧಕರು. ಸರ್ಕಾರ ನಿಜಕ್ಕೂ ಒಂದು ಸಂಗತಿಯನ್ನು ಮುಚ್ಚಿಟ್ಟಿತ್ತು, ಮುಚ್ಚಿಟ್ಟದ್ದು ಅನ್ಯಗ್ರಹದವರನ್ನಲ್ಲ ಎಂಬ ನಿರ್ಣಯ ಬಂದದ್ದು ಹೀಗೆ. ಅದರಲ್ಲೂ ವಿವಾದ ಮುಗಿದಿಲ್ಲ. ರಾಸ್‌ವೆಲ್‌ನಲ್ಲಿ ಬಿದ್ದದ್ದು ಮೊಗಲ್‌ನ ಹಾರಾಟ ಸಂಖ್ಯೆ 4 ಎನ್ನುತ್ತಾರೆ, ಆದರೆ ಆ ಹಾರಾಟದ ದಿನವೆನ್ನುವ 1947ರ ಜೂನ್ 4ರಂದು ಯೋಜನೆಯ ವಿಜ್ಞಾನಿ ಬರೆದ ದಿನಚರಿಯಲ್ಲಿ ಮೋಡದಿಂದಾಗಿ ಹಾರಾಟವಿಲ್ಲ ಎಂಬ ಮಾತೂ, ಬಲೂನು ಗೊಂಚಲೊಂದನ್ನು ಹಾರಿಸಿದ ಮಾತೂ ಒಟ್ಟಿಗೇ ಇವೆ. ‘ಮೊಗಲ್ ಅಲ್ಲ’ ಎನ್ನುವವರು ಮೊದಲ ಸಾಲನ್ನೂ ‘ಮೊಗಲ್ಲೇ’ ಎನ್ನುವವರು ಎರಡನೆಯದನ್ನೂ ಉಲ್ಲೇಖಿಸುತ್ತಾರೆ. ನೀವು ಎರಡನ್ನೂ ಉಲ್ಲೇಖಿಸಿ.

ಕಾಲದ ಬಳಿಕ ದಿಕ್ಕು ಮತ್ತು ಲಯ. ರೆಂಡಲ್‌ಶಾಮ್ ಬೆಳಕುಗಳಿಗೆ ಬ್ರಿಟನ್ನಿನ ರಕ್ಷಣಾ ಸಚಿವಾಲಯ ಕೊಟ್ಟದ್ದು ವಿವರಣೆಯಲ್ಲ, ರಕ್ಷಣೆಗೆ ಸಂಬಂಧಿಸಿದ ಮಹತ್ವ ಇದಕ್ಕಿಲ್ಲ ಎಂಬ ಒಂದು ಸಾಲು. ಇಂಥ ಸಾಲನ್ನು ವಿವರಣೆ ಎಂದು ತಿಳಿಯಬೇಡಿ. ಕಂಡದ್ದು ಹತ್ತಿರದ ಕರಾವಳಿಯ ಆರ್ಫರ್ಡ್‌ನೆಸ್ ದೀಪಸ್ತಂಭದ ಬೆಳಕು ಎಂಬ ವಿವರಣೆಯನ್ನು ಬೆಳೆಸಿದವರು ಇಯಾನ್ ರಿಡ್‌ಪಾತ್ ಮೊದಲಾದ ಖಾಸಗಿ ಸಂಶೋಧಕರು. ಆ ದೀಪ ಐದು ಸೆಕೆಂಡಿಗೊಮ್ಮೆ ಮಿನುಗುತ್ತಿತ್ತು. ಮೊದಲ ಘಟನೆಯಾಗಿ ಎರಡು ರಾತ್ರಿಗಳ ಬಳಿಕ ಹಾಲ್ಟ್ ತಾವೇ ಕಾಡಿಗೆ ಹೋಗಿ ಧ್ವನಿಮುದ್ರಿಸಿಕೊಂಡ ಟೇಪಿನಲ್ಲಿ ಬೆಳಕು ಮತ್ತೆ ಕಂಡಿತೆಂಬ ಕೂಗುಗಳ ನಡುವೆ ಅಷ್ಟೇ ಅಂತರವಿದೆ. ಮೊದಲ ರಾತ್ರಿಯ ಪೊಲೀಸ್ ದಿನಚರಿಯೂ ಕಂಡದ್ದು ದೀಪಸ್ತಂಭದ ಬೆಳಕು ಮಾತ್ರ ಎನ್ನುತ್ತದೆ. ತಾನು ಕಂಡದ್ದು ದೀಪಸ್ತಂಭವಲ್ಲ ಎಂದು ಹಾಲ್ಟ್ ಮುಂದೆಯೂ ಹೇಳುತ್ತ ಬಂದರು. ಅವರ ಆಕ್ಷೇಪವನ್ನು ಬರೆಯಿರಿ, ಐದು ಸೆಕೆಂಡನ್ನೂ ಬರೆಯಿರಿ.

ಹವಾಮಾನದ ವಿವರಣೆಗಳಿಗೆ ಅಳತೆ ಕೇಳಿ. 1952ರ ಜುಲೈನಲ್ಲಿ ಎರಡು ವಾರಾಂತ್ಯಗಳ ರಾತ್ರಿ ವಾಷಿಂಗ್ಟನ್ ವಿಮಾನ ನಿಲ್ದಾಣದ ರಾಡಾರ್‌ನಲ್ಲಿ ಗುರುತು ಸಿಗದ ಚುಕ್ಕೆಗಳು ಮೂಡಿದವು. ಜುಲೈ 29ರ ಪತ್ರಿಕಾಗೋಷ್ಠಿಯಲ್ಲಿ ಜನರಲ್ ಸ್ಯಾಮ್‌ಫೋರ್ಡ್ ಬಹುಶಃ ತಾಪ ವಿಲೋಮ ಕಾರಣ ಎಂದರು. ಮೇಲೆ ಹೋದಂತೆ ಗಾಳಿ ತಂಪಾಗಬೇಕಾದಲ್ಲಿ ಬಿಸಿ ಪದರವೊಂದು ಕೂರುವುದನ್ನು ಹಾಗೆನ್ನುತ್ತಾರೆ, ಅದು ರಾಡಾರ್ ಅಲೆಯನ್ನು ಬಗ್ಗಿಸಿ ನೆಲದ ವಸ್ತುಗಳನ್ನೇ ಆಕಾಶದಲ್ಲಿ ತೋರಿಸಬಹುದು. ವಾತಾವರಣ ವಿಜ್ಞಾನಿ ಜೇಮ್ಸ್ ಮೆಕ್‌ಡೊನಾಲ್ಡ್ ಆ ರಾತ್ರಿಗಳ ಹವಾಮಾನ ಮಾಪನಗಳನ್ನೇ ತೆಗೆದು ಲೆಕ್ಕ ಹಾಕಿ, ವಿಲೋಮ ಅಷ್ಟು ಪ್ರಬಲವಾಗಿರಲಿಲ್ಲ ಎಂದು ವಾದಿಸಿದರು. ವಾದ ಇನ್ನೂ ನಡೆದಿದೆ, ಆದರೆ ಅವರು ಹಿಡಿದ ದಾರಿ ಸರಿಯಾದದ್ದು. ನೀವೂ ಹಿಡಿಯಬಹುದು. ಭಾರತೀಯ ಹವಾಮಾನ ಇಲಾಖೆ ಬೆಂಗಳೂರು, ಮಂಗಳೂರು ಸೇರಿ ಹಲವೆಡೆ ಬೆಳಗಿನ ಮತ್ತು ಸಂಜೆಯ ಐದೂವರೆಯ ಮಾಪನಕ್ಕೆಂದು ರೇಡಿಯೊಸಾಂಡ್ ಹಾರಿಸುತ್ತದೆ. ಎತ್ತರಕ್ಕೆ ತಕ್ಕ ತಾಪ, ತೇವಾಂಶಗಳನ್ನು ರೇಡಿಯೊ ಮೂಲಕ ಕಳುಹಿಸುವ ಪುಟ್ಟ ಉಪಕರಣವದು. ಅಮೆರಿಕದ ವ್ಯೋಮಿಂಗ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಜಗತ್ತಿನ ಇಂಥ ಮಾಪನಗಳು ಉಚಿತವಾಗಿ ಸಿಗುತ್ತವೆ.

ವರದಿಯ ಸಾರಾಂಶವನ್ನು ಮಾತ್ರ ಓದಿ ಬಿಡಬೇಡಿ. ಕೊಲರಾಡೊ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಎಡ್ವರ್ಡ್ ಕಾಂಡನ್ ನೇತೃತ್ವದ ಅಧ್ಯಯನ, ಮುಂದಿನ ಸಂಶೋಧನೆಯಿಂದ ವಿಜ್ಞಾನಕ್ಕೆ ಲಾಭ ಕಾಣದು ಎಂದು ತೀರ್ಮಾನಿಸಿತು. ಅದರ ಬಲದ ಮೇಲೆ ಬ್ಲೂ ಬುಕ್ ಮುಚ್ಚಿತು. ಸಾವಿರ ಪುಟಕ್ಕೆ ಸಮೀಪದ ಆ ವರದಿಯ ಒಳಗೆ ಹೋದರೆ ತಂಡದವರೇ ವಿವರಿಸಲಾಗಲಿಲ್ಲ ಎಂದು ಬರೆದ ಪ್ರಕರಣಗಳು ಹಲವಿವೆ. ಮುನ್ನುಡಿ ಬರೆದವರ ಮಾತಿಗೂ ಪ್ರಕರಣ ಪರಿಶೀಲಿಸಿದವರ ಮಾತಿಗೂ ಇರುವ ಈ ಅಂತರವೇ ಸ್ವತಂತ್ರ ಸಂಶೋಧಕರ ಅತಿ ಬಲವಾದ ಆಕ್ಷೇಪ.

ಸಗಟು ವಿವರಣೆಗಳ ಬಗ್ಗೆಯೂ ಜೋಪಾನ. 1950ರ ದಶಕದ ಕೊನೆ ಮತ್ತು 60ರ ದಶಕದ ಯುಎಫ್‌ಒ ವರದಿಗಳಲ್ಲಿ ಅರ್ಧಕ್ಕೂ ಹೆಚ್ಚು ಯು-2 ಮೊದಲಾದ ರಹಸ್ಯ ಬೇಹು ವಿಮಾನಗಳಿಂದ ಬಂದವು ಎಂದು ಸಿಐಎ ಇತಿಹಾಸಕಾರರೊಬ್ಬರು 1997ರಲ್ಲಿ ಬರೆದರು. ಯಾವ ವರದಿ ಯಾವ ಹಾರಾಟಕ್ಕೆ ಹೊಂದುತ್ತದೆ ಎಂಬ ಪಟ್ಟಿ ಇಲ್ಲದೆ ಇಂಥ ಮಾತನ್ನು ಒಂದು ನಿರ್ದಿಷ್ಟ ಪ್ರಕರಣಕ್ಕೆ ಹಚ್ಚಲಾಗದು.

7. ದಾಖಲೆ ಕೇಳಿ ಬರೆಯಿರಿ, ತಡ ಮಾಡದೆ

ವಾಯು ಸಂಚಾರ ನಿಯಂತ್ರಣದ ಧ್ವನಿಮುದ್ರಿಕೆಗಳನ್ನು ಅಂತರರಾಷ್ಟ್ರೀಯ ನಿಯಮದಂತೆ ಕನಿಷ್ಠ 30 ದಿನ ಇಡಬೇಕು. ಆ ಬಳಿಕ ಅಳಿಸಿಹೋಗಬಹುದು. ಮಾಹಿತಿ ಹಕ್ಕಿನ ಉತ್ತರಕ್ಕೂ 30 ದಿನ. ಹೀಗಾಗಿ ಮೊದಲ ವಾರದಲ್ಲೇ ‘ಈ ದಿನ, ಈ ವೇಳೆಯ ದಾಖಲೆಗಳನ್ನು ಅಳಿಸದೆ ಉಳಿಸಿ’ ಎಂಬ ಪ್ರತ್ಯೇಕ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಟೆಕ್ಸಸ್‌ನ ಸ್ಟೀಫನ್‌ವಿಲ್‌ನಲ್ಲಿ 2008ರ ಜನವರಿ 8ರಂದು ಅನೇಕರು ವಿಚಿತ್ರ ಬೆಳಕು ಕಂಡಾಗ, ತಮ್ಮ ವಿಮಾನಗಳು ಅಲ್ಲಿರಲಿಲ್ಲ ಎಂದು ವಾಯುಪಡೆಯ ಮೀಸಲು ಘಟಕ ಹೇಳಿತು. ಎರಡು ವಾರಗಳ ಬಳಿಕ ಹತ್ತು ಎಫ್-16 ವಿಮಾನಗಳು ತರಬೇತಿಯಲ್ಲಿದ್ದವು ಎಂದು ತಿದ್ದಿಕೊಂಡಿತು. ‘ಮ್ಯೂಫಾನ್’ ಎಂಬ ಖಾಸಗಿ ಸಂಸ್ಥೆಯ ಸಂಶೋಧಕರು ಬೇಗನೆ ಅರ್ಜಿ ಹಾಕಿದ್ದರಿಂದ ಆ ರಾತ್ರಿಯ ರಾಡಾರ್ ದತ್ತಾಂಶ ಅವರಿಗೆ ದೊರೆಯಿತು.

ಅಮೆರಿಕದ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಭಾರತದಲ್ಲಿರುವ ನೀವೂ ಅರ್ಜಿ ಹಾಕಬಹುದು, ಬ್ರಿಟನ್ನಿನದರಲ್ಲೂ ಹಾಗೆಯೇ. ಎರಡರಲ್ಲೂ ಉತ್ತರದ ಗಡುವು 20 ಕೆಲಸದ ದಿನಗಳು. ಅಮೆರಿಕದಲ್ಲಿ ಅದು ಪಾಲನೆಯಾಗುವುದು ಕಡಿಮೆ. ‘ಇದೆ ಎಂದೂ ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ’ ಎಂಬ ಉತ್ತರಕ್ಕೆ ‘ಗ್ಲೋಮರ್’ ಎಂದು ಹೆಸರು. ಅದನ್ನು ಒಪ್ಪಿಗೆಯೆಂದು ಓದಬೇಡಿ. ಅರ್ಜಿಗೆ ಮೊದಲು ಈಗಾಗಲೇ ತೆರೆದಿರುವುದನ್ನು ನೋಡಿ: ಬ್ಲೂ ಬುಕ್ ಕಡತಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಬ್ರಿಟನ್ ತನ್ನ ಯುಎಫ್‌ಒ ವಿಭಾಗವನ್ನು 2009ರಲ್ಲಿ ಮುಚ್ಚಿ ಕಡತಗಳನ್ನು ಅಲ್ಲಿನ ಪತ್ರಾಗಾರಕ್ಕೆ ಕೊಟ್ಟಿದೆ.

ಭಾರತದಲ್ಲಿ ಮಾಹಿತಿ ಹಕ್ಕು ಕಾಯ್ದೆ, 2005ರ ಸೆಕ್ಷನ್ 6ರಡಿ ಅರ್ಜಿ, ಶುಲ್ಕ 10 ರೂಪಾಯಿ. ಎಲ್ಲರೂ ಎಡವುವುದು ಪ್ರಶ್ನೆ ಕೇಳುವ ರೀತಿಯಲ್ಲಿ. ‘ಆ ದಿನ ಕಂಡದ್ದು ಏನು?’ ಎಂದರೆ ಅಭಿಪ್ರಾಯ ಕೊಡಲು ಅವಕಾಶವಿಲ್ಲ ಎಂಬ ಉತ್ತರ ಬರುತ್ತದೆ. ಕಚೇರಿಯ ಬಳಿ ಈಗಾಗಲೇ ಇರುವ ಕಾಗದವನ್ನಷ್ಟೇ ಕೇಳಬಹುದು. ಉದಾಹರಣೆಗೆ 2023ರ ನವೆಂಬರ್ 19ರಂದು ಗುರುತು ಸಿಗದ ವಸ್ತು ಕಂಡು ಇಂಫಾಲ ವಿಮಾನ ನಿಲ್ದಾಣದ ಸಂಚಾರ ನಿಂತಿತ್ತು. ಅಂಥ ಪ್ರಕರಣದಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಬರೆಯುವಾಗ ‘ಮಧ್ಯಾಹ್ನ ಎರಡರಿಂದ ಸಂಜೆ ಆರರವರೆಗಿನ ಗೋಪುರದ ಲಾಗ್ ಪುಸ್ತಕದ ಪುಟಗಳ ಪ್ರತಿ, ಹೊರಡಿಸಿದ ನೋಟಾಮ್‌ಗಳ ಪ್ರತಿ’ ಎಂದು ಕೇಳಬೇಕು.

ಡಿಆರ್‌ಡಿಒ, ಐಟಿಬಿಪಿ ಮೊದಲಾದವು ಸೆಕ್ಷನ್ 24 ಮತ್ತು ಎರಡನೇ ಅನುಸೂಚಿಯಡಿ ಬಹುಮಟ್ಟಿಗೆ ಹೊರಗೆ. ಹವಾಮಾನ ಇಲಾಖೆ, ವಿಮಾನ ನಿಲ್ದಾಣ ಪ್ರಾಧಿಕಾರ, ಇಸ್ರೊ ಆ ಪಟ್ಟಿಯಲ್ಲಿಲ್ಲ. ದೇಶದ ಭದ್ರತೆಯ ಹೆಸರಿನಲ್ಲಿ ಸೆಕ್ಷನ್ 8(1)(ಎ) ಅಡಿ ನಿರಾಕರಿಸಿದರೆ, ಸೆಕ್ಷನ್ 10ರಂತೆ ಕೊಡಬಹುದಾದ ಭಾಗವನ್ನಾದರೂ ಬೇರ್ಪಡಿಸಿ ಕೊಡಿ ಎಂದು 30 ದಿನಗಳೊಳಗೆ ಮೊದಲ ಮೇಲ್ಮನವಿ ಹಾಕಿ. ಎರಡನೆಯದು ಮಾಹಿತಿ ಆಯೋಗಕ್ಕೆ, 90 ದಿನಗಳೊಳಗೆ. ಕರ್ನಾಟಕ ಸರ್ಕಾರದ ಕಚೇರಿಗಳಿಗೆ, ಹೇಳುವುದಾದರೆ ಪೊಲೀಸ್ ಠಾಣೆಗೆ, ಬರೆಯುವಾಗ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಎಂಬ ರಾಜ್ಯದ ನಿಯಮವಿದೆ. ಮರೆತರೆ ಅದೇ ಕಾರಣಕ್ಕೆ ಅರ್ಜಿ ವಾಪಸು ಬರುತ್ತದೆ.

ದಾಖಲೆ ನಾಶವಾಗಿದೆ ಎಂಬ ಉತ್ತರ ಬಂದರೆ ಯಾವ ಆದೇಶದಡಿ, ಯಾವ ದಿನ ನಾಶಪಡಿಸಿದರು ಎಂಬುದನ್ನು ಮುಂದಿನ ಅರ್ಜಿಯಲ್ಲಿ ಕೇಳಿ. ರಾಸ್‌ವೆಲ್ ನೆಲೆಯಿಂದ ಹೊರಹೋದ ಸಂದೇಶಗಳು 1946ರ ಅಕ್ಟೋಬರ್‌ನಿಂದ 1949ರ ಡಿಸೆಂಬರ್‌ವರೆಗಿನವು ಪೂರ್ತಿ ನಾಶವಾಗಿವೆ ಎಂದು ಅಮೆರಿಕದ ಲೆಕ್ಕ ತಪಾಸಣಾ ಸಂಸ್ಥೆ 1995ರಲ್ಲಿ ವರದಿ ಮಾಡಿತು. ಸಂಸದರೊಬ್ಬರು ಒತ್ತಾಯಿಸಿ ಕೇಳಿದ್ದರಿಂದ ಹೊರಬಂದ ಸಂಗತಿಯಿದು. ಇದರಿಂದ ಸಂಚು ಸಾಬೀತಾಗುವುದಿಲ್ಲ. ಆದರೆ ‘ದಾಖಲೆಗಳಲ್ಲಿ ಏನೂ ಇಲ್ಲ’ ಎಂಬ ಸರ್ಕಾರದ ಮಾತಿಗೆ ಎಷ್ಟು ತೂಕ ಕೊಡಬೇಕು ಎಂಬುದು ತೀರ್ಮಾನವಾಗುತ್ತದೆ.

8. ದರ್ಜೆ ಕೊಟ್ಟು ಪ್ರಕಟಿಸಿ

ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆಯೊಳಗೆ 1977ರಿಂದ ಇಂಥ ವರದಿಗಳಿಗೆಂದೇ ಒಂದು ವಿಭಾಗವಿದೆ. ಈಗ ಅದರ ಹೆಸರು ಗೈಪಾನ್. 2007ರಿಂದ ತನ್ನ ಕಡತಗಳನ್ನು ಸಾರ್ವಜನಿಕರ ಮುಂದಿಡುತ್ತಿದೆ. ಅವರ ದರ್ಜೆಗಳನ್ನೇ ಬಳಸಿ: ಎ ಎಂದರೆ ಖಚಿತವಾಗಿ ಗುರುತಿಸಿದ್ದು, ಬಿ ಬಹುಮಟ್ಟಿಗೆ ಗುರುತಿಸಿದ್ದು, ಸಿ ಮಾಹಿತಿ ಸಾಲದ್ದು, ಡಿ ಸಾಕಷ್ಟು ಮಾಹಿತಿಯಿದ್ದೂ ತನಿಖೆಯ ಬಳಿಕ ಗುರುತು ಸಿಗದ್ದು. ಸಿ ಮತ್ತು ಡಿ ಬೆರೆಸುವುದು ಈ ಕ್ಷೇತ್ರದ ಹಳೆಯ ರೋಗ. ಮಸುಕು ಫೋಟೊ ಒಂದೇ ಇರುವ ಪ್ರಕರಣ ಎಷ್ಟೇ ರೋಚಕವಾಗಿದ್ದರೂ ಸಿ ದರ್ಜೆಯದ್ದೇ.

ಬರೆಯುವಾಗ ಸಾಕ್ಷಿ ಹೇಳಿದ್ದು, ನೀವು ಅಳೆದದ್ದು, ಸರ್ಕಾರ ಹೇಳಿದ್ದು, ನಿಮ್ಮ ತೀರ್ಮಾನ, ಈ ನಾಲ್ಕೂ ಬೇರೆ ಬೇರೆ ಭಾಗಗಳಲ್ಲಿರಲಿ. ಸರ್ಕಾರದ ವಿವರಣೆ ಹೊಂದದಿದ್ದರೆ ಯಾವ ಅಂಕಿಗೆ ಹೊಂದುವುದಿಲ್ಲ ಎಂದು ತೋರಿಸಿ, ಹೊಂದಿದರೆ ಅದನ್ನೂ ಅಷ್ಟೇ ಸ್ಪಷ್ಟವಾಗಿ ಬರೆಯಿರಿ. ಕಚೇರಿ ಮುಂದೆ ತನ್ನ ಮಾತು ಬದಲಿಸಿದರೆ ಹಳೆಯದನ್ನು ಅಳಿಸದೆ, ಕೆಳಗೆ ದಿನಾಂಕ ಹಾಕಿ ಹೊಸದನ್ನು ಸೇರಿಸಿ. ಸಿ ಎಂದು ಬದಿಗಿಟ್ಟ ಕಡತಗಳನ್ನು ವರ್ಷಕ್ಕೊಮ್ಮೆ ತೆಗೆದು, ಅಷ್ಟರಲ್ಲಿ ಹೊಸ ದಾಖಲೆ ಬಿಡುಗಡೆಯಾಗಿದೆಯೇ, ಬಾಕಿಯಿದ್ದ ಮೇಲ್ಮನವಿಗೆ ಉತ್ತರ ಬಂದಿದೆಯೇ ಎಂದು ನೋಡಿಕೊಳ್ಳಿ.